‘ಒಮ್ಮೊಮ್ಮೆ’ ಆಗುವ ತಪ್ಪು: ಒಂದು ಕಂಪ್ಯೂಟರ್ ಲ್ಯಾಬ್ ಮತ್ತು ನೈದಾನಿಕ ಪರೀಕ್ಷೆಯ ಒಂದು ಅಂಕಣ

ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆಯ ದಾಖಲೆ ಪುಸ್ತಕಗಳು ಪ್ರತಿ ವರ್ಷ ನನ್ನ ಮೇಜಿಗೆ ಬರುತ್ತವೆ. ಹೊದಿಕೆ ಅಚ್ಚುಕಟ್ಟಾಗಿರುತ್ತದೆ, ಕೋಷ್ಟಕಗಳು ಅಳತೆಗೆ ಸರಿಯಾಗಿರುತ್ತವೆ, ಸ್ತಂಭಾಲೇಖಕ್ಕೆ ಬಣ್ಣವನ್ನೂ ತುಂಬಿರುತ್ತಾರೆ. ‘ತಪ್ಪಿಗೆ ಕಾರಣ’ ಎಂಬ ಅಂಕಣಕ್ಕೆ ಬಂದರೆ ಮಾತ್ರ ಬಹುಪಾಲು ಒಂದೇ ಪದ ಕಾಣುತ್ತದೆ: ‘ಅಜಾಗರೂಕತೆ’. ಅದರಲ್ಲೂ ಒಂದೇ ಬಗೆಯ ಲೆಕ್ಕವನ್ನು ಮಗು ಒಮ್ಮೆ ಸರಿಯಾಗಿ, ಒಮ್ಮೆ ತಪ್ಪಾಗಿ ಮಾಡಿದ್ದರೆ ಆ ಪದ ಖಂಡಿತ. ಬರುತ್ತದಲ್ಲ, ಆದರೂ ತಪ್ಪು ಮಾಡಿದ್ದಾನೆ ಎಂದರೆ ಗಮನ ಕೊಟ್ಟಿಲ್ಲ ಎಂದೇ ಅರ್ಥ ಎನ್ನುವುದು ನಮ್ಮ ವಾದ.

ಈ ಪದವನ್ನು ನಾವು ಇಷ್ಟು ಸಲೀಸಾಗಿ ಬಳಸಬಾರದು ಎಂಬ ಮಾತನ್ನು ತರಗತಿಯಲ್ಲಿ ಹೇಳುತ್ತಲೇ ಬಂದಿದ್ದೇನೆ. ಆ ಮಾತಿಗೆ ಒಂದು ಗಟ್ಟಿ ಉದಾಹರಣೆ ಸಿಕ್ಕಿದ್ದು ಗಣಿತದ ಪಾಠದಲ್ಲಲ್ಲ, ಇಂಟರ್ನ್‌ಶಿಪ್ ಮೇಲ್ವಿಚಾರಣೆಗೆ ಹೋದ ಒಂದು ಪ್ರೌಢಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ. ಅಲ್ಲಿ ಕೆಟ್ಟಿದ್ದದ್ದು ಲಿನಕ್ಸ್ ಕಂಪ್ಯೂಟರುಗಳ ಡಿಎನ್‌ಎಸ್. ಪೂರ್ತಿ ಕೆಟ್ಟಿದ್ದರೆ ಯಾರಾದರೂ ಅರ್ಧ ಗಂಟೆಯಲ್ಲಿ ಸರಿಮಾಡುತ್ತಿದ್ದರು. ಅದು ಒಮ್ಮೊಮ್ಮೆ ಮಾತ್ರ ಕೆಡುತ್ತಿತ್ತು. ಆ ‘ಒಮ್ಮೊಮ್ಮೆ’ಯ ಹೊಣೆಯನ್ನು ಒಂಬತ್ತನೇ ತರಗತಿಯ ಒಬ್ಬ ಹುಡುಗ ಹೊತ್ತಿದ್ದ.

ಲ್ಯಾಬಿನ ಏರ್ಪಾಡು

ಲ್ಯಾಬಿನಲ್ಲಿ ಹತ್ತು ಕಂಪ್ಯೂಟರುಗಳು, ಎಲ್ಲವೂ ಉಬುಂಟು. ಮೂಲೆಯಲ್ಲಿ ಹನ್ನೊಂದನೆಯ ಹಳೆಯ ಯಂತ್ರವೊಂದನ್ನು ಸರ್ವರ್ ಮಾಡಿಟ್ಟಿದ್ದರು. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳು, ಕನ್ನಡ ವಿಕಿಪೀಡಿಯದ ಆಫ್‌ಲೈನ್ ಪ್ರತಿ, ಶಿಕ್ಷಕರು ಕೂಡಿಸಿಟ್ಟ ವಿಡಿಯೊಗಳು ಎಲ್ಲವೂ ಅದರಲ್ಲೇ. ಇಂಟರ್ನೆಟ್ ಇಲ್ಲದ ದಿನವೂ ಪಾಠ ನಿಲ್ಲಬಾರದೆಂಬ ಒಳ್ಳೆಯ ಯೋಚನೆ. ಮಕ್ಕಳು ಬ್ರೌಸರಿನಲ್ಲಿ ‘ಶಾಲೆ.ಲ್ಯಾನ್’ ಎಂದು ಟೈಪ್ ಮಾಡಿದರೆ ಸರ್ವರಿನ ಮುಖಪುಟ ತೆರೆಯಬೇಕು.

ಕಂಪ್ಯೂಟರಿಗೆ ಹೆಸರು ಅರ್ಥವಾಗುವುದಿಲ್ಲ, ಅಂಕಿಯ ವಿಳಾಸ ಬೇಕು. ಈ ಸರ್ವರಿನ ವಿಳಾಸ 192.168.1.10. ಹೆಸರು ಕೊಟ್ಟರೆ ವಿಳಾಸ ಹೇಳುವ ವ್ಯವಸ್ಥೆಯೇ ಡಿಎನ್‌ಎಸ್. ಮೊದಲು ಅಮೆರಿಕದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರು, ವಿಳಾಸಗಳ ಒಂದೇ ಪಟ್ಟಿ ಇತ್ತು. ಎಲ್ಲರೂ ಅದನ್ನೇ ಇಳಿಸಿಕೊಳ್ಳುತ್ತಿದ್ದರು. ಜಾಲ ಬೆಳೆದಂತೆ ಪಟ್ಟಿ ಕೈಮೀರಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಆ ಒಂದೇ ಪಟ್ಟಿಯ ಬದಲು ಹಂಚಿಕೊಂಡ ಹೊಣೆಗಾರಿಕೆಯ ವ್ಯವಸ್ಥೆಯನ್ನು ರೂಪಿಸಿದರು. ಅವರವರ ಹೆಸರುಗಳಿಗೆ ಅವರವರೇ ಉತ್ತರ ಹೇಳಬೇಕು. ಗೊತ್ತಿಲ್ಲದವರು ಗೊತ್ತಿರುವವರನ್ನು ಕೇಳಿ ತಿಳಿದುಕೊಳ್ಳಬೇಕು. ಇಂದಿಗೂ ಇಂಟರ್ನೆಟ್ಟಿನ ಹೆಸರುಗಳು ನಡೆಯುವುದು ಇದೇ ತತ್ವದ ಮೇಲೆ.

‘ಶಾಲೆ.ಲ್ಯಾನ್’ ಎಂಬ ಹೆಸರು ಗೊತ್ತಿದ್ದದ್ದು ಶಾಲೆಯ ಆ ಹಳೆಯ ಸರ್ವರಿಗೆ ಮಾತ್ರ. ಹೊರಗಿನ ಜಗತ್ತಿನಲ್ಲಿ ಅಂಥ ಹೆಸರೇ ಇಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ತಪ್ಪು ಯಾರದು?

ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಅಂದು ಒಂಬತ್ತನೇ ತರಗತಿಗೆ ‘ಶಬ್ದ’ ಪಾಠ ಮಾಡುತ್ತಿದ್ದರು. ಫೆಟ್‌ನ ತರಂಗಗಳ ಸಿಮ್ಯುಲೇಶನ್ ತೋರಿಸಿ, ಆವೃತ್ತಿ ಬದಲಾದಾಗ ಏನಾಗುತ್ತದೆಂದು ಮಕ್ಕಳೇ ಕಂಡುಕೊಳ್ಳಬೇಕೆಂಬುದು ಅವರ ಪಾಠ ಯೋಜನೆ. ಆರು ಕಂಪ್ಯೂಟರುಗಳಲ್ಲಿ ಪುಟ ತೆರೆಯಿತು, ನಾಲ್ಕರಲ್ಲಿ ‘ಸರ್ವರ್ ಸಿಗಲಿಲ್ಲ’ ಎಂದು ಬಂತು. ಅವರು ಗಾಬರಿಯಾಗಲಿಲ್ಲ. ಆ ನಾಲ್ಕು ಗುಂಪುಗಳನ್ನು ಉಳಿದವರ ಪಕ್ಕ ಕೂರಿಸಿ, ಸ್ಲಿಂಕಿ ಸ್ಪ್ರಿಂಗನ್ನೂ ಕೈಗೆ ಕೊಟ್ಟು ಪಾಠ ಮುಗಿಸಿದರು. ಅವಲೋಕನ ಪಟ್ಟಿಯಲ್ಲಿ ನಾನು ಅದಕ್ಕೆ ಅಂಕ ಕೊಟ್ಟೆ.

ಪಾಠದ ನಂತರ ಲ್ಯಾಬಿನ ಜವಾಬ್ದಾರಿ ಹೊತ್ತಿದ್ದ ಗಣಿತ ಶಿಕ್ಷಕರು ಬಂದರು. “ಇದು ಹೊಸದೇನಲ್ಲ ಮೇಡಂ, ಒಂದು ತಿಂಗಳಿಂದ ಹೀಗೇ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತೆ. ಒಬ್ಬ ಹುಡುಗ ಇದಾನೆ, ಬೆಳಿಗ್ಗೆ ಬೇಗ ಬಂದು ಕಂಪ್ಯೂಟರ್ ಹಚ್ಚೋನು. ಅವನು ಕೈ ಇಟ್ಟ ಕಂಪ್ಯೂಟರೇ ಕೆಡೋದು. ಏನೋ ಸೆಟ್ಟಿಂಗ್ ಬದಲಾಯಿಸ್ತಾನೆ. ಲ್ಯಾಬಿಗೆ ಬರಬೇಡ ಅಂದಿದ್ದೆ, ಮತ್ತೆ ಬಂದಿದಾನೆ” ಎಂದರು. ಮುಖ್ಯೋಪಾಧ್ಯಾಯರು ಪರೀಕ್ಷೆ ಮುಗಿಯುವವರೆಗೆ ಲ್ಯಾಬಿಗೇ ಬೀಗ ಹಾಕುವ ಯೋಚನೆಯಲ್ಲಿದ್ದರು.

ಶಿಕ್ಷಕರು ಹೇಳಿದ್ದು ಸುಳ್ಳಲ್ಲ. ಅವನು ಹಚ್ಚಿದ ಕಂಪ್ಯೂಟರುಗಳು ನಿಜವಾಗಿಯೂ ಕೆಡುತ್ತಿದ್ದವು. ಅವನು ಬಾರದ ದಿನ ಲ್ಯಾಬು ಚೆನ್ನಾಗಿ ನಡೆದದ್ದನ್ನು ಅವರು ಎರಡು, ಮೂರು ಸಲ ಗಮನಿಸಿದ್ದರು. ಕಣ್ಣಾರೆ ಕಂಡ ಸಂಬಂಧವದು. ಇಂಥ ಸಂಬಂಧವೇ ನಮ್ಮನ್ನು ಸುಲಭವಾಗಿ ದಾರಿ ತಪ್ಪಿಸುವುದು, ಏಕೆಂದರೆ ಅದರಲ್ಲಿ ಅರ್ಧ ನಿಜವಿರುತ್ತದೆ.

ಹುಡುಗ ಒಂದೇ ಮಾತು ಹೇಳುತ್ತಿದ್ದ: “ನಾನು ಏನೂ ಮುಟ್ಟಿಲ್ಲ ಸರ್.”

ಮೊದಲು ಬರೆ, ಆಮೇಲೆ ರೀಸ್ಟಾರ್ಟ್

ಇಂಟರ್ನ್‌ಶಿಪ್ಪಿನ ಇನ್ನೂ ಆರು ವಾರ ಉಳಿದಿತ್ತು. ಮುಖ್ಯೋಪಾಧ್ಯಾಯರ ಬಳಿ ಎರಡು ವಾರದ ಕಾಲಾವಕಾಶ ಕೇಳಿಕೊಂಡೆವು. ಪ್ರಶಿಕ್ಷಣಾರ್ಥಿ ಗೋಡೆಗೆ ಒಂದು ಹಾಳೆ ಅಂಟಿಸಿದರು. ಅದಕ್ಕೆ ಒಂದೇ ನಿಯಮ: ಪುಟ ತೆರೆಯದಿದ್ದರೆ ಮೊದಲು ಹಾಳೆಯಲ್ಲಿ ಬರೆಯಬೇಕು, ಬರೆಯದೆ ರೀಸ್ಟಾರ್ಟ್ ಮಾಡಬಾರದು.

ಲ್ಯಾಬಿನಲ್ಲಿ ಈ ನಿಯಮಕ್ಕೇ ಹೆಚ್ಚು ವಿರೋಧ ಬಂತು. ರೀಸ್ಟಾರ್ಟ್ ಮಾಡಿದರೆ ಎರಡು ನಿಮಿಷದಲ್ಲಿ ಪಾಠ ಮುಂದುವರಿಯುತ್ತದೆ, ಬರೆಯುತ್ತ ಯಾಕೆ ಕೂರಬೇಕು? ಆದರೆ ರೀಸ್ಟಾರ್ಟ್ ಎಂದರೆ ರೋಗಲಕ್ಷಣವನ್ನು ಒರೆಸಿಹಾಕುವುದು. ಕಾಯಿಲೆ ಏನೆಂದು ತಿಳಿಯುವ ಮೊದಲೇ ಜ್ವರದ ಮಾತ್ರೆ ನುಂಗಿದಂತೆ. ಲಕ್ಷಣ ಹೋಗುತ್ತದೆ, ಅದರ ಜೊತೆ ಸುಳಿವೂ ಹೋಗುತ್ತದೆ.

ಶಿಕ್ಷಕರು ಸೂಚಿಸಿದ ಅಂಕಣಗಳು ಮೂರು: ದಿನಾಂಕ, ಕಂಪ್ಯೂಟರ್ ಸಂಖ್ಯೆ, ಯಾರು ಹಚ್ಚಿದ್ದು. ಇಷ್ಟೇ ಇದ್ದಿದ್ದರೆ ಎರಡು ವಾರದ ಕೊನೆಗೆ ಹುಡುಗನ ಹೆಸರು ಹತ್ತಾರು ಸಲ ಬಂದಿರುತ್ತಿತ್ತು, ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಪ್ರಶಿಕ್ಷಣಾರ್ಥಿ ಆ ಮೂರನ್ನೂ ಉಳಿಸಿಕೊಂಡು ಇನ್ನೂ ನಾಲ್ಕು ಸೇರಿಸಿದರು: ಕಂಪ್ಯೂಟರನ್ನು ಎಷ್ಟು ಗಂಟೆಗೆ ಹಚ್ಚಿದ್ದು, ಸರ್ವರನ್ನು ಎಷ್ಟು ಗಂಟೆಗೆ ಹಚ್ಚಿದ್ದು, ಹೆಸರು ಕೊಟ್ಟರೆ ಪುಟ ತೆರೆಯಿತೇ, ಅಂಕಿ ವಿಳಾಸ ಕೊಟ್ಟರೆ ತೆರೆಯಿತೇ. ನಾವು ಯಾವ ಅಂಕಣ ಎಳೆಯುತ್ತೇವೆಯೋ ಆ ಉತ್ತರವಷ್ಟೇ ನಮಗೆ ಸಿಗುತ್ತದೆ. ನೈದಾನಿಕ ಪರೀಕ್ಷೆಯ ನೀಲನಕ್ಷೆಗೂ ಈ ಮಾತು ಸಲ್ಲುತ್ತದೆ.

ಕೊನೆಯ ಎರಡು ಅಂಕಣಗಳು ಮೊದಲ ದಿನವೇ ಕೆಲಸಕ್ಕೆ ಬಂದವು. ‘ಶಾಲೆ.ಲ್ಯಾನ್’ ತೆರೆಯದ ಕಂಪ್ಯೂಟರಿನಲ್ಲಿ 192.168.1.10 ಎಂದು ಟೈಪ್ ಮಾಡಿದರೆ ಪುಟ ತಕ್ಷಣ ತೆರೆಯಿತು. ‘ಪಿಂಗ್’ ಆದೇಶ ಕೊಟ್ಟರೂ ಸರ್ವರಿನಿಂದ ಉತ್ತರ ಬಂತು. ಹಾಗಾದರೆ ತಂತಿ ಸರಿ, ಸ್ವಿಚ್ ಸರಿ, ಸರ್ವರ್ ಸರಿ. ಹೆಸರು ವಿಳಾಸವಾಗುವ ಹಂತದಲ್ಲಿ ಮಾತ್ರ ತೊಡಕು. ಅದುವರೆಗೆ ‘ನೆಟ್‌ವರ್ಕ್ ಸರಿ ಇಲ್ಲ’ ಎನ್ನುತ್ತಿದ್ದ ಮಾತು ಆ ದಿನದಿಂದ ನಿಂತಿತು.

ಐದಾರು ದಿನಗಳಲ್ಲಿ ಹಾಳೆಯಲ್ಲಿ ಇನ್ನೊಂದು ವಿಷಯ ಎದ್ದು ಕಂಡಿತು. ಸರ್ವರಿಗಿಂತ ಮೊದಲು ಹಚ್ಚಿದ ಕಂಪ್ಯೂಟರುಗಳು ಕೆಡುತ್ತಿದ್ದವು, ನಂತರ ಹಚ್ಚಿದವು ಕೆಡುತ್ತಿರಲಿಲ್ಲ. ಹುಡುಗ ಒಂಬತ್ತು ಗಂಟೆಗೇ ಬಂದು ಒಂದು, ಎರಡು, ಮೂರು, ನಾಲ್ಕು ಎಂದು ಸಾಲಾಗಿ ಹಚ್ಚುತ್ತಿದ್ದ. ಸರ್ವರಿನ ಪಾಸ್‌ವರ್ಡ್ ಶಿಕ್ಷಕರ ಬಳಿ ಮಾತ್ರ ಇದ್ದದ್ದರಿಂದ ಅವರು ಬಂದ ಮೇಲೆ ಅದನ್ನು ಹಚ್ಚುತ್ತಿದ್ದರು. ಉಳಿದ ಕಂಪ್ಯೂಟರುಗಳನ್ನು ಪೀರಿಯಡ್ ಶುರುವಾದಾಗ ಆಯಾ ಮಕ್ಕಳೇ ಹಚ್ಚುತ್ತಿದ್ದರು.

ಇಲ್ಲಿಗೇ ನಿಲ್ಲಬಹುದಿತ್ತು. ಆದರೆ ಅವನು ಹಚ್ಚಿದ್ದಕ್ಕೆ ಕೆಟ್ಟಿತೋ, ಬೇಗ ಹಚ್ಚಿದ್ದಕ್ಕೆ ಕೆಟ್ಟಿತೋ ಎಂಬುದು ಹಾಳೆಯಿಂದ ಇನ್ನೂ ಸ್ಪಷ್ಟವಾಗಿರಲಿಲ್ಲ. ಎರಡೂ ಒಟ್ಟೊಟ್ಟಿಗೇ ನಡೆಯುತ್ತಿದ್ದವು. ಆದ್ದರಿಂದ ಎರಡನ್ನೂ ಬೇರ್ಪಡಿಸಿ ನೋಡಿದೆವು. ಒಂದು ದಿನ ಬೇರೊಬ್ಬ ಹುಡುಗಿ ಬೇಗ ಬಂದು ನಾಲ್ಕು ಕಂಪ್ಯೂಟರ್ ಹಚ್ಚಿದಳು. ಹುಡುಗ ಸರ್ವರ್ ಎದ್ದ ಮೇಲೆ ಬಂದು ಇನ್ನು ನಾಲ್ಕನ್ನು ಹಚ್ಚಿದ. ಹುಡುಗಿ ಹಚ್ಚಿದವು ಕೆಟ್ಟವು, ಅವನು ಹಚ್ಚಿದವು ಸರಿಯಾಗಿ ನಡೆದವು. ಮರುದಿನವೂ ಹಾಗೇ ಮಾಡಿದೆವು, ಫಲಿತಾಂಶ ಬದಲಾಗಲಿಲ್ಲ. ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಿಸುವುದನ್ನು ವಿಜ್ಞಾನ ಬೋಧನೆಯ ತರಗತಿಯಲ್ಲಿ ‘ಚರಗಳ ನಿಯಂತ್ರಣ’ ಎಂದು ಬರೆಸುತ್ತೇವೆ. ಒಬ್ಬ ಹುಡುಗನ ಮಾನ ಅದರ ಮೇಲೆ ನಿಂತದ್ದನ್ನು ನಾನು ನೋಡಿದ್ದು ಅಂದೇ.

ಇಬ್ಬರು ಹೇಳುವವರು

ಇನ್ನು ಒಳಗಿನ ಕಾರಣ ಹುಡುಕಬೇಕಿತ್ತು. ಕೆಟ್ಟ ಕಂಪ್ಯೂಟರಿನಲ್ಲಿ ಟರ್ಮಿನಲ್ ತೆರೆದು ಒಂದೊಂದೇ ಹಂತ ಕೇಳಿದೆವು.

‘ಡಿಗ್’ ಎಂಬ ಆದೇಶದಿಂದ ನೇರವಾಗಿ ಶಾಲೆಯ ಸರ್ವರನ್ನೇ ‘ಶಾಲೆ.ಲ್ಯಾನ್ ಎಲ್ಲಿದೆ?’ ಎಂದು ಕೇಳಿದರೆ ಸರಿಯಾದ ವಿಳಾಸ ಬಂತು. ಯಾರನ್ನು ಕೇಳಬೇಕೆಂದು ಹೇಳದೆ, ಕಂಪ್ಯೂಟರಿನ ರೂಢಿಯ ದಾರಿಯಲ್ಲೇ ಕೇಳಿದರೆ ‘ಎನ್‌ಎಕ್ಸ್‌ಡೊಮೈನ್’ ಎಂದು ಬಂತು, ಅಂದರೆ ‘ಅಂಥ ಹೆಸರೇ ಇಲ್ಲ’. ಇಲ್ಲಿ ಸ್ವಲ್ಪ ನಿಲ್ಲಬೇಕು. ಡಿಎನ್‌ಎಸ್ ಕೈಕೊಡುವ ಬಗೆಗಳಲ್ಲಿ ಮುಖ್ಯವಾದ ಎರಡು ಉಂಟು. ಕೇಳಿದವರಿಂದ ಉತ್ತರವೇ ಬಾರದೆ ಕಾದು ಕಾದು ಸುಮ್ಮನಾಗುವುದು ಒಂದು. ‘ಇಲ್ಲ’ ಎಂದು ಖಚಿತ ಉತ್ತರ ಬರುವುದು ಇನ್ನೊಂದು. ಮೊದಲನೆಯದು ಮೌನ, ಎರಡನೆಯದು ಉತ್ತರ. ಬ್ರೌಸರಿನ ಪರದೆ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ತರಗತಿಯಲ್ಲೂ ಸುಮ್ಮನೆ ನಿಂತ ಮಗುವಿಗೂ ತಪ್ಪು ಉತ್ತರ ಹೇಳಿದ ಮಗುವಿಗೂ ನಾವು ಒಂದೇ ಸೊನ್ನೆ ಕೊಡುತ್ತೇವೆ. ಆದರೆ ತಪ್ಪು ಉತ್ತರ ಹೇಳಿದ ಮಗು ಎಲ್ಲೋ ಒಂದು ಕಡೆ ಕೇಳಿ ತಿಳಿದುಕೊಂಡು ಬಂದಿದೆ. ಎಲ್ಲಿ ಕೇಳಿತು ಎಂಬುದನ್ನು ಹುಡುಕಬೇಕು.

ಕಂಪ್ಯೂಟರ್ ಯಾರನ್ನು ಕೇಳುತ್ತಿದೆ ಎಂದು ನೋಡಲು ‘ರಿಸಾಲ್ವ್.ಕಾನ್ಫ್’ ಕಡತ ತೆರೆದರೆ ಅಲ್ಲಿ 127.0.0.53 ಎಂದಷ್ಟೇ ಇತ್ತು. ಕೆಟ್ಟದ್ದರಲ್ಲೂ ಅದೇ, ಸರಿಯಿದ್ದದ್ದರಲ್ಲೂ ಅದೇ. ಆ ವಿಳಾಸ ಕಂಪ್ಯೂಟರಿನದೇ ಒಳಗಿನದು. ಈಗಿನ ಉಬುಂಟುವಿನಲ್ಲಿ ‘ಸಿಸ್ಟಮ್‌ಡಿ-ರಿಸಾಲ್ವ್ಡ್’ ಎಂಬ ಮಧ್ಯವರ್ತಿ ಅಲ್ಲಿ ಕೂತಿರುತ್ತದೆ. ಎಲ್ಲ ಪ್ರೋಗ್ರಾಮುಗಳೂ ಅದನ್ನು ಕೇಳುತ್ತವೆ, ಅದು ಹೊರಗಿನವರನ್ನು ಕೇಳಿ ಹೇಳುತ್ತದೆ. ಹಾಗಾಗಿ ಆ ಕಡತ ನೋಡಿ ‘ಎಲ್ಲ ಸರಿಯಾಗಿದೆ’ ಎನ್ನುವುದು, ಮಗುವಿನ ನೋಟ್‌ಬುಕ್ಕಿನ ಕೊನೆಯ ಸಾಲು ಮಾತ್ರ ನೋಡಿ ಅಂಕ ಕೊಟ್ಟಂತೆ.

‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಎಂಬ ಆದೇಶ ಆ ಮಧ್ಯವರ್ತಿಯ ಒಳಮನಸ್ಸನ್ನು ತೋರಿಸಿತು. ಅದರ ಪಟ್ಟಿಯಲ್ಲಿ ಇಬ್ಬರಿದ್ದರು: ಶಾಲೆಯ ಸರ್ವರ್ ಒಂದು, ಹೊರಗಿನ ಒಂದು ಸಾರ್ವಜನಿಕ ಡಿಎನ್‌ಎಸ್ ಸರ್ವರ್ ಇನ್ನೊಂದು. ಅದೇ ಪರದೆಯಲ್ಲಿ ‘ಈಗಿನ ಡಿಎನ್‌ಎಸ್ ಸರ್ವರ್’ ಎಂಬ ಅರ್ಥದ ಒಂದು ಸಾಲಿತ್ತು. ಸರಿಯಿದ್ದ ಆರು ಕಂಪ್ಯೂಟರುಗಳಲ್ಲಿ ಆ ಸಾಲಿನಲ್ಲಿ ಶಾಲೆಯ ಸರ್ವರ್ ಇತ್ತು. ಕೆಟ್ಟ ನಾಲ್ಕರಲ್ಲಿ ಹೊರಗಿನದಿತ್ತು.

ಅಲ್ಲಿಗೆ ಎಲ್ಲ ಎಳೆಗಳೂ ಕೂಡಿದವು. ರೌಟರನ್ನು ಸಿದ್ಧಪಡಿಸಿದವರು ‘ಒಂದು ಕೈಕೊಟ್ಟರೆ ಇನ್ನೊಂದಿರಲಿ’ ಎಂದು ಎರಡು ಡಿಎನ್‌ಎಸ್ ವಿಳಾಸ ಹಾಕಿದ್ದರು. ಸದುದ್ದೇಶವೇ. ಆದರೆ ಇಬ್ಬರಿಗೂ ಗೊತ್ತಿರುವುದು ಒಂದೇ ಆಗಿದ್ದರೆ ಮಾತ್ರ ಒಬ್ಬರು ಇನ್ನೊಬ್ಬರ ಬದಲಿಗೆ ನಿಲ್ಲಬಹುದು. ಸರ್ವರ್ ಇನ್ನೂ ಏಳದಿದ್ದಾಗ ಹಚ್ಚಿದ ಕಂಪ್ಯೂಟರ್ ಮೊದಲು ಶಾಲೆಯ ಸರ್ವರನ್ನು ಕೇಳುತ್ತದೆ, ಉತ್ತರ ಬರುವುದಿಲ್ಲ. ಎರಡನೆಯವರ ಕಡೆ ತಿರುಗುತ್ತದೆ, ಅವರು ತಕ್ಷಣ ಉತ್ತರಿಸುತ್ತಾರೆ. ರಿಸಾಲ್ವ್ಡ್‌ನ ರೀತಿ ಎಂದರೆ, ಉತ್ತರ ಕೊಡುತ್ತಿರುವವರನ್ನು ಬಿಟ್ಟು ಸುಮ್ಮನೆ ಹಿಂದಕ್ಕೆ ಹೋಗುವುದಿಲ್ಲ. ಅವರೂ ಕೈಕೊಟ್ಟಾಗಲೇ ಮತ್ತೆ ಬದಲಾಯಿಸುತ್ತದೆ. ಅರ್ಧ ಗಂಟೆಯ ನಂತರ ಶಾಲೆಯ ಸರ್ವರ್ ಎದ್ದರೂ ಈ ಕಂಪ್ಯೂಟರ್ ಹೊರಗಿನವರನ್ನೇ ಕೇಳುತ್ತಿರುತ್ತದೆ. ‘ಶಾಲೆ.ಲ್ಯಾನ್’ ಎಲ್ಲಿ ಎಂದರೆ ಅವರು ‘ಅಂಥ ಹೆಸರಿಲ್ಲ’ ಎನ್ನುತ್ತಾರೆ. ಅವರ ಮಟ್ಟಿಗೆ ಅದು ಸತ್ಯ. ಉತ್ತರ ಸಿಕ್ಕಿತಲ್ಲ ಎಂದು ಕಂಪ್ಯೂಟರ್ ಇನ್ನೊಬ್ಬರನ್ನು ಕೇಳುವ ಗೋಜಿಗೆ ಹೋಗುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ಪಟ್ಟಿಯ ಮೊದಲಿನಿಂದ ಶುರುವಾಗುತ್ತದೆ, ಅಷ್ಟು ಹೊತ್ತಿಗೆ ಸರ್ವರ್ ಎದ್ದಿರುತ್ತದೆ, ‘ಸರಿಹೋಯಿತು’.

ಹಾಳೆಯಲ್ಲಿ ಯಾರಿಗೂ ಅರ್ಥವಾಗದ ಒಂದು ಸಾಲಿತ್ತು: “ನಾಲ್ಕನೇ ಕಂಪ್ಯೂಟರ್, ಮಧ್ಯಾಹ್ನ ಇಂಟರ್ನೆಟ್ ಹೋಯಿತು, ಆಗ ಪುಟ ತೆರೆಯಿತು.” ಬರೆದವರು ತಪ್ಪಾಗಿ ಬರೆದಿದ್ದಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಈಗ ಅದಕ್ಕೂ ಅರ್ಥ ಬಂತು. ಇಂಟರ್ನೆಟ್ ಹೋದಾಗ ಹೊರಗಿನವರು ಮೌನವಾದರು, ಕಂಪ್ಯೂಟರ್ ಶಾಲೆಯ ಸರ್ವರಿಗೆ ಮರಳಿತು. ಹೊಂದದ ಸಾಲನ್ನು ಅಳಿಸದೆ ಉಳಿಸಿದ್ದರಿಂದ ನಮ್ಮ ವಿವರಣೆಗೆ ಅದೇ ಒಂದು ಸಾಕ್ಷಿಯಾಯಿತು.

ಪ್ರಶಿಕ್ಷಣಾರ್ಥಿ ಇದನ್ನು ಮಕ್ಕಳಿಗೆ ಹೇಳಿಕೊಟ್ಟ ಬಗೆ ನನಗೆ ಮೆಚ್ಚುಗೆಯಾಯಿತು. “ನಿಮ್ಮೂರಿಗೆ ಹೊಸಬರು ಬಂದು ‘ಹುಣಸೆಮರದಜ್ಜಿ ಮನೆ ಎಲ್ಲಿ?’ ಅಂತ ಕೇಳಿದರೆ ಯಾರನ್ನು ಕೇಳಬೇಕು?” ಎಂದರು. “ಬಸ್‌ಸ್ಟ್ಯಾಂಡ್ ಟೀ ಅಂಗಡಿಯಲ್ಲಿ” ಎಂದು ಮಕ್ಕಳು. “ಟೀ ಅಂಗಡಿ ಬಾಗಿಲು ಹಾಕಿತ್ತು, ಅವರು ತಾಲ್ಲೂಕು ಕಚೇರಿಗೆ ಹೋಗಿ ಕೇಳಿದರು ಅಂದ್ಕೊಳ್ಳಿ?” ಮಕ್ಕಳು ನಕ್ಕರು. “ಅಂಥ ಹೆಸರಿಲ್ಲ ಅಂತಾರೆ ಮಿಸ್. ಪಹಣೀಲಿ ಅಜ್ಜಿ ಹೆಸರೇ ಬೇರೆ ಇರುತ್ತೆ.” ತಾಲ್ಲೂಕು ಕಚೇರಿಯವರು ಸುಳ್ಳು ಹೇಳಲಿಲ್ಲ, ಅಜ್ಜಿಯ ಮನೆಯೂ ಎಲ್ಲಿಗೂ ಹೋಗಿಲ್ಲ ಎಂಬುದು ಮಕ್ಕಳಿಗೆ ಅರ್ಥವಾಯಿತು.

ಪರಿಹಾರದಲ್ಲೂ ಆಯ್ಕೆ ಇತ್ತು

ರೋಗ ಗೊತ್ತಾದ ಮೇಲೂ ಔಷಧ ಒಂದೇ ಇರುವುದಿಲ್ಲ. ‘ಸರ್ವರನ್ನು ಮೊದಲು ಹಚ್ಚಿದರಾಯಿತು’ ಎಂದರು ಒಬ್ಬರು. ಹಾಗೆ ಮಾಡಿದರೆ ಲಕ್ಷಣ ಹೋಗುತ್ತಿತ್ತು. ಆದರೆ ನಡುವೆ ಕರೆಂಟ್ ಹೋಗಿ ಬಂದ ದಿನ, ಸರ್ವರ್ ತಡವಾಗಿ ಎದ್ದ ದಿನ ಮತ್ತೆ ಅದೇ ಕಥೆ. ಹತ್ತೂ ಕಂಪ್ಯೂಟರುಗಳ ‘ಹೋಸ್ಟ್ಸ್’ ಕಡತದಲ್ಲಿ ಹೆಸರು, ವಿಳಾಸ ಬರೆದಿಡುವುದು ಇನ್ನೊಂದು ದಾರಿ. ಅದು ನಡೆಯುತ್ತದೆ. ಆದರೆ 1983ಕ್ಕೂ ಹಿಂದಿನ ಪಟ್ಟಿಯ ಕಾಲಕ್ಕೆ ಹೋದಂತೆ, ಸರ್ವರಿನ ವಿಳಾಸ ಬದಲಾದಾಗ ಹತ್ತು ಕಡೆ ತಿದ್ದಬೇಕು.

ಕೊನೆಗೆ ರೌಟರಿನಲ್ಲಿ ಎರಡನೆಯ ಡಿಎನ್‌ಎಸ್ ವಿಳಾಸವನ್ನು ತೆಗೆದೆವು. ಕಂಪ್ಯೂಟರುಗಳೆಲ್ಲ ಶಾಲೆಯ ಸರ್ವರನ್ನೇ ಕೇಳುತ್ತವೆ. ಹೊರಗಿನ ಹೆಸರಾದರೆ ಆ ಸರ್ವರೇ ಹೊರಗಿನವರನ್ನು ಕೇಳಿ ಹೇಳುತ್ತದೆ. ಇದಕ್ಕೂ ಒಂದು ಬೆಲೆ ಇದೆ. ಸರ್ವರ್ ನಿಂತರೆ ಈಗ ಹೊರಗಿನ ಯಾವ ಜಾಲತಾಣವೂ ತೆರೆಯುವುದಿಲ್ಲ. ಮುಖ್ಯೋಪಾಧ್ಯಾಯರಿಗೆ ಅದನ್ನು ಬಿಡಿಸಿ ಹೇಳಿದೆವು. “ಪೂರ್ತಿ ನಿಂತರೆ ಏನು ಕೆಟ್ಟಿದೆ ಅಂತಾದರೂ ಗೊತ್ತಾಗುತ್ತಲ್ಲ, ಹಾಗೇ ಮಾಡಿ” ಎಂದರು.

ಸರಿಹೋಯಿತು ಎಂದು ಹೇಳುವ ಮೊದಲು ಬೇಕೆಂದೇ ಕೆಡಿಸಲು ಪ್ರಯತ್ನಿಸಿದೆವು. ಸರ್ವರ್ ಆಫ್ ಇಟ್ಟು ಕಂಪ್ಯೂಟರುಗಳನ್ನು ಹಚ್ಚಿದೆವು, ಆಮೇಲೆ ಸರ್ವರ್ ಹಚ್ಚಿದೆವು. ಅದು ಎದ್ದ ಕೂಡಲೇ ಹತ್ತರಲ್ಲೂ ಪುಟ ತೆರೆಯಿತು. ಗೋಡೆಯ ಹಾಳೆಯನ್ನು ಇನ್ನೂ ಮೂರು ವಾರ ಇಟ್ಟಿದ್ದರು. ಅದರಲ್ಲಿ ‘ತೆರೆಯಲಿಲ್ಲ’ ಎಂಬ ಸಾಲು ಮತ್ತೆ ಬರಲಿಲ್ಲ.

ಗಣಿತ ಶಿಕ್ಷಕರು ಹುಡುಗನನ್ನು ಕರೆಸಿ, ಹಾಳೆ ತೋರಿಸಿ, ಆದದ್ದೇನೆಂದು ವಿವರಿಸಿದರು. ಅವನು ಎಲ್ಲವನ್ನೂ ಕೇಳಿ, “ನಾನು ಏನೂ ಮುಟ್ಟಿಲ್ಲ ಅಂತ ಆಗ್ಲೇ ಹೇಳಿದ್ದೆ ಸರ್” ಎಂದ. “ಹೌದಪ್ಪ, ಹೇಳಿದ್ದೆ” ಎಂದರು ಅವರು. ಮರುದಿನದಿಂದ ಸರ್ವರಿನ ಪಾಸ್‌ವರ್ಡ್ ಅವನಿಗೂ ಗೊತ್ತಿತ್ತು. ಲ್ಯಾಬಿಗೆ ಎಲ್ಲರಿಗಿಂತ ಮೊದಲು ಬರುವ ಹುಡುಗನೇ ತಪ್ಪಿತಸ್ಥನಾಗಿ ಕಂಡದ್ದಕ್ಕೆ ಅವನ ಶ್ರದ್ಧೆಯೇ ಕಾರಣವಾಗಿತ್ತು ಎಂಬುದನ್ನು ನಾವು ಯಾರೂ ಬಾಯಿಬಿಟ್ಟು ಆಡಲಿಲ್ಲ.

ಮತ್ತೆ ಆ ಅಂಕಣಕ್ಕೆ

ಅದೇ ಪ್ರಶಿಕ್ಷಣಾರ್ಥಿ ಎಂಟನೇ ತರಗತಿಗೆ ಪೂರ್ಣಾಂಕಗಳ ಮೇಲೆ ನೈದಾನಿಕ ಪರೀಕ್ಷೆ ಕೊಟ್ಟಿದ್ದರು. ಒಬ್ಬ ವಿದ್ಯಾರ್ಥಿನಿಗೆ ಹತ್ತರಲ್ಲಿ ಆರು ಸರಿ, ನಾಲ್ಕು ತಪ್ಪು. ಕರಡಿನಲ್ಲಿ ಕಾರಣ ‘ಅಜಾಗರೂಕತೆ’ ಎಂದೇ ಇತ್ತು. ಲ್ಯಾಬಿನ ಕೆಲಸ ಮುಗಿದ ಮೇಲೆ ಅವರು ಆ ಉತ್ತರ ಪತ್ರಿಕೆಯನ್ನು ಮತ್ತೆ ಹೊರತೆಗೆದರು. –7 + 3 ಕ್ಕೆ –4, ಸರಿ. 5 – 8 ಕ್ಕೆ –3, ಸರಿ. –7 – 3 ಕ್ಕೆ 10, ತಪ್ಪು. –4 – 6 ಕ್ಕೂ 10, ತಪ್ಪು. (–4) × (–6) ಕ್ಕೆ 24, ಸರಿ. ತಪ್ಪಾದ ನಾಲ್ಕರಲ್ಲೂ ಎರಡು ಋಣ ಚಿಹ್ನೆಗಳಿದ್ದವು, ನಾಲ್ಕೂ ಗುಣಾಕಾರದವಲ್ಲ. ಪಕ್ಕ ಕೂತು “ಇದನ್ನು ಹೇಗೆ ಮಾಡಿದೆ, ಹೇಳಮ್ಮ” ಎಂದರೆ, “ಮೈನಸ್ಸು ಮೈನಸ್ಸು ಪ್ಲಸ್ ಅಲ್ವಾ ಮಿಸ್” ಎಂದಳು.

ಅವಳಿಗೂ ಹೇಳುವವರು ಇಬ್ಬರಿದ್ದರು. ಒಂದು ಸಂಖ್ಯಾರೇಖೆ, ಇನ್ನೊಂದು ಗುಣಾಕಾರದ ನಿಯಮ. ಗುಣಾಕಾರದ ನಿಯಮ ತನ್ನ ಜಾಗದಲ್ಲಿ ಪೂರ್ತಿ ಸರಿ. ಎರಡು ಋಣ ಚಿಹ್ನೆ ಕಂಡ ಕೂಡಲೇ ಅವಳು ಆ ಕಡೆ ತಿರುಗುತ್ತಿದ್ದಳು, ಅಲ್ಲಿಂದ ತಕ್ಷಣ, ಧೈರ್ಯವಾಗಿ ಉತ್ತರ ಬರುತ್ತಿತ್ತು. ಉತ್ತರ ಬಂದ ಮೇಲೆ ಸಂಖ್ಯಾರೇಖೆಯನ್ನು ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಇದರಲ್ಲಿ ಗಮನದ ಕೊರತೆ ಇಲ್ಲ. ಚಿಹ್ನೆಗಳನ್ನು ಅವಳು ಬಹಳ ಗಮನವಿಟ್ಟೇ ನೋಡಿದ್ದಾಳೆ.

ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಮಕ್ಕಳ ವ್ಯವಕಲನದ ತಪ್ಪುಗಳನ್ನು ಕುರಿತು ಬರೆದಾಗ ಕಂಪ್ಯೂಟರ್ ಪ್ರೋಗ್ರಾಮಿನ ದೋಷಕ್ಕೆ ಬಳಸುವ ‘ಬಗ್’ ಎಂಬ ಪದವನ್ನೇ ತೆಗೆದುಕೊಂಡರು. ಮಗು ನಿಯಮವಿಲ್ಲದೆ ಮನಸ್ಸಿಗೆ ಬಂದಂತೆ ಬರೆಯುತ್ತದೆ ಎಂದು ನಮಗೆ ಕಾಣುವಲ್ಲಿ, ಬಹಳ ಸಲ ಮಗು ತಪ್ಪು ನಿಯಮವೊಂದನ್ನು ನಿಷ್ಠೆಯಿಂದ ಪಾಲಿಸುತ್ತಿರುತ್ತದೆ ಎಂಬುದು ಅವರ ಕೆಲಸದ ತಿರುಳು. ಅದರ ಮುಂದುವರಿಕೆಯಾಗಿ, ಒಂದೇ ಮಗು ಕೆಲವೇ ದಿನಗಳ ಅಂತರದಲ್ಲಿ ಒಂದು ಬಗ್‌ನಿಂದ ಇನ್ನೊಂದಕ್ಕೆ ಜಾರುವುದನ್ನೂ ಸಂಶೋಧಕರು ಗುರುತಿಸಿದರು. ನಾವು ‘ಅಸ್ಥಿರ’ ಎಂದು ಬರೆದು ಮುಗಿಸುವ ಕಡೆಯಲ್ಲೂ ಹುಡುಕಲು ಏನೋ ಇರುತ್ತದೆ ಎಂದು ಅರ್ಥ.

ಎಲ್ಲ ತಪ್ಪಿನ ಹಿಂದೆಯೂ ಇಂಥದೊಂದು ನಿಯಮ ಇದ್ದೇ ಇರುತ್ತದೆ ಎಂದು ನಾನು ಹೇಳುತ್ತಿಲ್ಲ. ಜ್ವರ ಬಂದ ದಿನ, ಹಸಿದ ದಿನ, ಕೊನೆಯ ಐದು ನಿಮಿಷದಲ್ಲಿ ಮಕ್ಕಳು ಸುಮ್ಮನೆ ತಪ್ಪು ಮಾಡುವುದೂ ಉಂಟು. ಆದರೆ ‘ಅಜಾಗರೂಕತೆ’ ಎಂದು ಬರೆಯುವುದು ಬೇರೆಲ್ಲವನ್ನೂ ನೋಡಿ ಬಿಟ್ಟ ಮೇಲೆ ಬರಬೇಕಾದ ತೀರ್ಮಾನ. ನೋಡುವ ಮೊದಲೇ ಬರೆದರೆ ಅದು ಲ್ಯಾಬಿನ ‘ಆಫ್ ಮಾಡಿ ಆನ್ ಮಾಡು’ವಿನಂತೆ. ‘ಇನ್ನು ಮುಂದೆ ಗಮನವಿಟ್ಟು ಮಾಡು’ ಎಂದು ಗದರಿಸಿದ ದಿನ ಮಗು ಎಚ್ಚರದಿಂದ ಮಾಡುತ್ತದೆ, ನಾಲ್ಕು ದಿನ ಬಿಟ್ಟು ಅದೇ ತಪ್ಪು ಮರಳುತ್ತದೆ. ಆಗ ನಾವು ಮಗುವಿಗೆ ಹಣೆಪಟ್ಟಿ ಅಂಟಿಸುತ್ತೇವೆ.

ಈ ವರ್ಷದಿಂದ ನನ್ನ ಗುಂಪಿನ ಪ್ರಶಿಕ್ಷಣಾರ್ಥಿಗಳಿಗೆ ‘ತಪ್ಪಿಗೆ ಕಾರಣ’ ಎಂಬ ಅಂಕಣವನ್ನು ನಾಲ್ಕಾಗಿ ಒಡೆಯಲು ಹೇಳಿದ್ದೇನೆ: ಯಾವ ಬಗೆಯ ಲೆಕ್ಕದಲ್ಲಿ ಸರಿ, ಯಾವ ಬಗೆಯಲ್ಲಿ ತಪ್ಪು, ಮಗು ತಾನೇ ಹೇಳಿದ್ದೇನು, ನನ್ನ ಊಹೆಯನ್ನು ಯಾವ ಹೊಸ ಲೆಕ್ಕ ಕೊಟ್ಟು ಪರೀಕ್ಷಿಸಿದೆ. ಮೂರನೆಯ ಅಂಕಣ ಬಿಟ್ಟುಹೋಗಬಾರದು ಎಂದು ಒತ್ತಿ ಹೇಳುತ್ತೇನೆ. ಕಂಪ್ಯೂಟರ್ ಯಾರನ್ನು ಕೇಳುತ್ತಿದೆ ಎಂದು ತಿಳಿಯಲು ನಮಗೆ ಎರಡು ವಾರ ಬೇಕಾಯಿತು. ಆ ಹುಡುಗಿ ಮಿಸ್ ಕೇಳಿದ ಕೂಡಲೇ ಹೇಳಿದಳು. ಹುಡುಗನೂ ಮೊದಲ ದಿನದಿಂದ ಹೇಳುತ್ತಲೇ ಇದ್ದ. ದಾಖಲೆ ಪುಸ್ತಕ ಒಪ್ಪಿಸುವ ಮುನ್ನ ಪ್ರಶಿಕ್ಷಣಾರ್ಥಿ ಮಿತ್ರರು ಆ ಒಂದು ಅಂಕಣ ಖಾಲಿ ಉಳಿದಿಲ್ಲವೆಂದು ನೋಡಿಕೊಂಡರೆ ಸಾಕು. ಸ್ತಂಭಾಲೇಖಕ್ಕೆ ಬಣ್ಣ ತುಂಬದಿದ್ದರೂ ನಾನು ಅಂಕ ಕಡಿಯುವುದಿಲ್ಲ.